ಬೂದಿಯಡಿಯ ಊರು, ಬೆಟ್ಟದಂಚಿನ ಕಡಲು

ಸಂಸಾರಸಮೇತರಾಗಿ ಇಟಲಿಗೆ ಹೋದವರು ನೇಪಲ್ಸ್‌ನಿಂದ ಸೊರೆಂಟೊ ಕಡೆಗೆ ಹೊರಡುವ ಚಿಕ್ಕ ರೈಲನ್ನು ಹಿಡಿದರೆ ಮುಕ್ಕಾಲು ಗಂಟೆಯೊಳಗೆ ಪಾಂಪೆಯ ಹೆಬ್ಬಾಗಿಲನ್ನು ತಲುಪುತ್ತಾರೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಕಲ್ಲುಬೂದಿಯಡಿ ಹೂತುಹೋದ ಈ ಪಟ್ಟಣದ ಉತ್ಖನನವು 1748ರಲ್ಲಿ ಆರಂಭವಾಯಿತು. ಸುಮಾರು ಮೂರನೆಯ ಒಂದು ಭಾಗ ಇನ್ನೂ ಮಣ್ಣಿನೊಳಗೇ ಇದೆ.

ಇಲ್ಲಿ ದೇಗುಲಗಳಿಗಿಂತ ಬೀದಿಗಳೇ ಮನಸೆಳೆಯುತ್ತವೆ. ಗಾಡಿಯ ಚಕ್ರಗಳು ಕೊರೆದ ಜಾಡು, ಕೊಳೆನೀರನ್ನು ತುಳಿಯದೆ ಬೀದಿ ದಾಟಲು ನೆಟ್ಟ ಎತ್ತರದ ಕಲ್ಲುಗಳು! ಸಿಸಿಲಿಯಸ್ ಜುಕುಂಡಸ್ ಎಂಬ ಲೇವಾದೇವಿಗಾರನ ಮನೆಯಲ್ಲಿ 1875ರಲ್ಲಿ ನೂರೈವತ್ತಕ್ಕೂ ಹೆಚ್ಚು ರಸೀದಿ ಫಲಕಗಳು ದೊರೆತವು, ಸಾಕ್ಷಿಗಳ ಹೆಸರುಗಳ ಸಮೇತ. ಬ್ಯಾಂಕಿನವರಿಗಂತೂ ಇದು ತವರನ್ನು ಕಂಡಂತೆ.

ಆದರೆ ಕಾಲು ತಾನಾಗಿ ನಿಲ್ಲುವುದು ಮಾನವಾಕೃತಿಯ ಅಚ್ಚುಗಳ ಮುಂದೆ. ಗಟ್ಟಿಯಾದ ಬೂದಿಯಲ್ಲಿ ದೇಹಗಳು ಅಳಿದು ಉಳಿದ ಪೊಳ್ಳುಗಳಿಗೆ ಪ್ಲಾಸ್ಟರ್ ಹೊಯ್ಯುವ ವಿಧಾನವನ್ನು 1863ರಲ್ಲಿ ಫಿಯೊರೆಲ್ಲಿ ರೂಢಿಗೆ ತಂದನು. ಅಂಥದೊಂದು ಅಚ್ಚಿನಲ್ಲಿ ಚಿನ್ನದ ಕಡಗ ತೊಟ್ಟ ವ್ಯಕ್ತಿಯ ಮಡಿಲಲ್ಲಿ ಮಗುವಿದೆ. ತಾಯಿಯೂ ಮಗುವೂ ಎಂದೇ ಬಹುಕಾಲ ನಂಬಲಾಗಿತ್ತು. 2024ರಲ್ಲಿ ಪ್ರಕಟವಾದ ಡಿಎನ್‌ಎ ಪರೀಕ್ಷೆಯಿಂದ ತಿಳಿದುದು ಬೇರೆ: ಆ ವ್ಯಕ್ತಿ ಗಂಡಸು, ಮಗುವಿಗೆ ರಕ್ತಸಂಬಂಧಿಯೂ ಅಲ್ಲ. ಆ ಕಡುಗತ್ತಲೆಯಲ್ಲಿ ಯಾರ ಮಗುವನ್ನು ಎತ್ತಿಕೊಂಡಿದ್ದನೋ!

ಬೇಸಿಗೆಯಲ್ಲಿ ಇಲ್ಲಿ ನೆರಳು ವಿರಳ. ಟೋಪಿ, ನೀರು, ಗಟ್ಟಿ ಅಟ್ಟೆಯ ಪಾದರಕ್ಷೆ ಅವಶ್ಯ. ಮರುದಿನ ಸೊರೆಂಟೊದಿಂದ ಅಮಾಲ್ಫಿಗೆ ಹೊರಡುವ ಬಸ್ಸಿನಲ್ಲಿ ಬಲಗಡೆಯ ಆಸನವನ್ನೇ ಹಿಡಿಯಬೇಕು, ಕಡಲು ಆ ಪಕ್ಕಕ್ಕಿದೆ. ಬಂಡೆ ಕಡಿದು ಮಾಡಿದ ರಸ್ತೆ, ಮೆಟ್ಟಿಲು ಮೆಟ್ಟಿಲಾದ ನಿಂಬೆ ತೋಟಗಳು, ಕೆಳಗೆ ಕಡುನೀಲಿ ನೀರು. ತಿರುವುಗಳಲ್ಲಿ ಹೊಟ್ಟೆ ತೊಳಸುವವರು ಮಿತವಾಗಿ ಉಂಡು ಹೊರಡುವುದು ಲೇಸು.