ಫ್ರೆಂಚ್ ಅಕ್ಷರಚಿಹ್ನೆಗಳೂ ನಾಡಿಗರ ಹೆಸರುಗಳೂ

ಕಾಸರಗೋಡಿನಿಂದ ಕಡಲ ತಡಿಯಲ್ಲೇ ದಕ್ಷಿಣಕ್ಕೆ ಹೋದರೆ, ಕಣ್ಣೂರು, ತಲಶ್ಶೇರಿಗಳನ್ನು ದಾಟಿದ ಮೇಲೆ ಮಾಹೆ ಸಿಗುತ್ತದೆ. 1954ರವರೆಗೆ ಅದು ಫ್ರೆಂಚರ ಆಡಳಿತದಲ್ಲಿದ್ದ ಊರು. ಈ ಹೆಸರಿನ ಕೊನೆಯ ‘ಇ’ ಅಕ್ಷರದ ನೆತ್ತಿಯ ಮೇಲೆ ಫ್ರೆಂಚರು ಬಲಕ್ಕೆ ಏರುವ ಸಣ್ಣ ಗೆರೆಯೊಂದನ್ನು ಎಳೆಯುತ್ತಾರೆ. (ರೋಮನ್ ಅಕ್ಷರಗಳನ್ನು ಇಲ್ಲಿ ಅವುಗಳ ಇಂಗ್ಲಿಷ್ ಹೆಸರಿನಿಂದಲೇ ಸೂಚಿಸಿದೆ.) ಗೆರೆಯಿಲ್ಲದಿದ್ದರೆ ಅವರ ಓದಿನ ಕ್ರಮದಂತೆ ಆ ಸ್ವರ ಕೇಳಿಸದೆ ಹೋಗುತ್ತದೆ. ನಮ್ಮಲ್ಲಿ ದೀರ್ಘವೊಂದು ತಪ್ಪಿದರೆ ‘ತೇರು’ ‘ತೆರು’ ಆಗುವುದಿಲ್ಲವೆ? ಅಲ್ಲಿಯೂ ಹಾಗೆಯೇ, ಚಿಹ್ನೆಯು ಅಲಂಕಾರವಲ್ಲ, ಕಾಗುಣಿತದ ಅಂಗ.

ಫ್ರೆಂಚಿನಲ್ಲಿ ಇಂಥ ಚಿಹ್ನೆಗಳು ಐದು. ಇವನ್ನು ಒತ್ತಿ ನುಡಿಯುವ ಗುರುತುಗಳೆಂದು ತಿಳಿಯಬಾರದು. ಹೊಸ ವಿದ್ಯಾರ್ಥಿಗೆ ಇವುಗಳ ಕೆಲಸವನ್ನು ನಾಡು, ನಾಡಿಗರ ಹೆಸರುಗಳಿಂದಲೇ ತೋರಿಸಬಹುದು.

ಮಾಹೆಯ ಏರುಗೆರೆಗೆ ‘ಎಗ್ಯು’ ಎಂದು ಹೆಸರು. ಇಳಿಯುವ ಗೆರೆಗೆ ‘ಗ್ರಾವ್’. ಸ್ವೀಡನ್ನಿನ ಫ್ರೆಂಚ್ ಹೆಸರಾದ ‘ಸ್ಯುಎದ್’ ಎಂಬುದರಲ್ಲಿ ‘ಇ’ಯ ಮೇಲೆ ಇಳಿಗೆರೆಯಿದೆ, ಬಾಯಿ ಅಗಲವಾಗಿ ತೆರೆಯುತ್ತದೆ. ಅಲ್ಲಿಯವನನ್ನು ‘ಸ್ಯುಎದ್ವಾ’ ಎನ್ನುವಾಗ ಅದೇ ಅಕ್ಷರಕ್ಕೆ ಏರುಗೆರೆ ಬರುತ್ತದೆ, ಬಾಯಿ ಕಿರಿದಾಗುತ್ತದೆ.

‘ಫ್ರಾಂಸ್’ ಎಂಬಲ್ಲಿ ‘ಸಿ’ಯ ಮುಂದೆ ‘ಇ’ ಇರುವುದರಿಂದ ಸಕಾರ ತಾನಾಗಿ ಬರುತ್ತದೆ. ‘ಫ್ರಾಂಸೆ’ ಎಂಬಲ್ಲಿ ಮುಂದೆ ‘ಎ’ ಅಕ್ಷರವಿದೆ; ‘ಸಿ’ಯ ಕೆಳಗೆ ‘ಸೆದೀಯ್’ ಎಂಬ ಕೊಕ್ಕೆ ಹಾಕದಿದ್ದರೆ ಅದು ‘ಫ್ರಾಂಕೆ’ ಆದೀತು. ಹೈಟಿಯ ಹೆಸರಿನಲ್ಲಿ ‘ಐ’ಯ ಮೇಲೆ ‘ತ್ರೇಮಾ’ ಎಂಬ ಎರಡು ಚುಕ್ಕಿಗಳಿವೆ. ಅವು ಎರಡು ಸ್ವರಗಳು ಕೂಡಿಹೋಗದಂತೆ ತಡೆದು, ಹೆಸರನ್ನು ‘ಆಇತಿ’ ಎಂದು ಓದಿಸುತ್ತವೆ.

ಮನೆಯ ಮಾಡಿನ ಆಕಾರದ ‘ಸಿರ್ಕೋಂಫ್ಲೆಕ್ಸ್’ ಅನೇಕ ಕಡೆ ಲೋಪವಾದ ಸಕಾರದ ನೆನಪು. ‘ಕೋತ್ ದಿವ್ವಾರ್’ ಎಂಬ ಆಫ್ರಿಕದ ದೇಶದ ಹೆಸರಿನಲ್ಲಿ ‘ಕೋತ್’ ಎಂದರೆ ತೀರ. ಅದರಲ್ಲಿ ಅಳಿದ ಸಕಾರ ಇಂಗ್ಲಿಷಿನ ‘ಕೋಸ್ಟ್’ನಲ್ಲಿ ಇನ್ನೂ ಉಳಿದಿದೆ. 1990ರ ಕಾಗುಣಿತ ಪರಿಷ್ಕರಣವು ‘ಐ’, ‘ಯು’ ಅಕ್ಷರಗಳ ಮೇಲೆ ಹಲವು ಪದಗಳಲ್ಲಿ ಈ ಚಿಹ್ನೆಯನ್ನು ಬಿಡಲು ಸಮ್ಮತಿಸಿತು. ‘ಓ’ದ ಮೇಲಿನದು ಹಾಗೆಯೇ ಇದೆ.

ಇನ್ನು ಲಿಂಗದ ವಿಷಯ. ನಮ್ಮ ‘ಭಾರತೀಯ’ ಶಬ್ದ ಇಬ್ಬರಿಗೂ ಸಲ್ಲುತ್ತದೆ. ಫ್ರೆಂಚಿನಲ್ಲಿ ಕನ್ನಡಿಗ, ಕನ್ನಡತಿ ಎಂಬಂತೆ ರೂಪ ಬೇರೆಯಾಗಬೇಕು. ಹುಡುಗನು ‘ಆ್ಯಂದ್ಯಾಂ’, ಹುಡುಗಿಯು ‘ಆ್ಯಂದ್ಯೆನ್’. ಬರಹದಲ್ಲಿ ಸ್ತ್ರೀಲಿಂಗಕ್ಕೆ ‘ಎನ್’ ಇಮ್ಮಡಿಸಿ ‘ಇ’ ಸೇರುತ್ತದೆ. ‘ಫ್ರಾಂಸೆ’ಗೆ ‘ಇ’ ಮಾತ್ರ ಸೇರಿದರೆ, ಮೂಕವಾಗಿದ್ದ ‘ಎಸ್’ ಬಾಯಿಬಿಟ್ಟು ‘ಫ್ರಾಂಸೇಜ್’ ಆಗುತ್ತದೆ. ನಾಡಿಗನನ್ನು ಸೂಚಿಸುವ ನಾಮಪದಕ್ಕೆ ಮೊದಲಲ್ಲಿ ದೊಡ್ಡಕ್ಷರ. ವಿಶೇಷಣಕ್ಕೂ ಭಾಷೆಯ ಹೆಸರಿಗೂ ಸಣ್ಣಕ್ಷರ.

ಒಂದು ಲಿಪಿಯ ಹೆಸರನ್ನು ಇನ್ನೊಂದಕ್ಕೆ ಇಳಿಸುವಾಗ ಊರೂ ಮನೆತನವೂ ಹೇಗೆ ಕೆಡುತ್ತವೆಂಬುದನ್ನು ಗಡಿನಾಡಿನ ಉಪಾಧ್ಯಾಯರು ಹಾಜರಿ ಪುಸ್ತಕದಲ್ಲೇ ಕಂಡಿದ್ದಾರೆ. ಆದುದರಿಂದ ಫ್ರೆಂಚ್ ಕಲಿಸುವವರು ಚಿಹ್ನೆಗಳನ್ನು ಕಡೆಯ ಪಾಠಕ್ಕೆ ತಳ್ಳದೆ, ನಾಡು, ನಾಡಿಗ, ನಾಡಿಗಳು ಎಂಬ ಮೂರು ರೂಪಗಳನ್ನೂ ಚಿಹ್ನೆಸಹಿತವಾಗಿ ಮೊದಲ ದಿನದಿಂದಲೇ ಒಟ್ಟಿಗೆ ಬರೆಯಿಸುವುದು ಲೇಸು.