ಹಡಗು ಸಿದ್ಧವಾಗಿತ್ತು, ಹತ್ತುವ ದಾರಿ?

ಹೊಸ ಪ್ರವಾಸಿ ಹಡಗು ಕಟ್ಟಿ ಮುಗಿದೊಡನೆ ಯಾನಕ್ಕೆ ಹೊರಡುತ್ತದೆಂದು ಭಾವಿಸಿದ್ದೀರಾ? ಇಲ್ಲ. ಮೊದಲು ಪ್ರಯಾಣಿಕರಿಲ್ಲದೆ ಸಮುದ್ರಕ್ಕೊಯ್ದು ಅದರ ವೇಗ, ತಿರುವು, ನಿಲುಗಡೆಗಳನ್ನು ಪರೀಕ್ಷಿಸುತ್ತಾರೆ.

ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ನಿರ್ಮಾಣಗೊಂಡ 'ಕ್ವೀನ್ ಮೇರಿ 2' ಕೂಡ 2003ರಲ್ಲಿ ಎರಡು ಬಾರಿ ಇಂತಹ ಪರೀಕ್ಷೆಗೆ ಹೋಗಿ ಬಂದಿತ್ತು. ನವೆಂಬರ್ 15ರಂದು ಕಾರ್ಮಿಕರ ಬಂಧುಗಳು ಹಡಗು ನೋಡಲು ಬಂದರು. ತಮ್ಮವರ ದುಡಿಮೆಯನ್ನು ಕಣ್ತುಂಬ ನೋಡುವ ಹಂಬಲ ಅವರದು. ಆದರೆ ದಡದಿಂದ ಹಡಗಿಗೆ ಹಾಕಿದ್ದ ಕಾಲುಸೇತುವೆ ಕುಸಿಯಿತು. 16 ಮಂದಿ ಸಾವಿಗೀಡಾದರು. ಹಡಗಿಗೇನೂ ಆಗಲಿಲ್ಲ. 2004ರ ಜನವರಿ 12ರಂದು ಅದು ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ಮೊದಲ ಯಾನಕ್ಕೆ ಹೊರಟಿತು.

ಓದುಗರೇ, ಕಟ್ಟುತ್ತಿರುವ ಮನೆಯನ್ನು ನೆಂಟರಿಗೆ ಅಭಿಮಾನದಿಂದ ತೋರಿಸುವವರು ನಾವು. ಅವರು ಕಾಲಿಡುವ ಹಲಗೆ, ಏಣಿಗಳನ್ನು ಮೊದಲು ಪರೀಕ್ಷಿಸುತ್ತೇವೆಯೇ?