ಆಟದ ಬಯಲಿಗೆ ಗರಿಕೆ

ಕಿತ್ತಷ್ಟೂ ಚಿಗುರುವ ಗರಿಕೆಯನ್ನು ಬೈಯದ ಬೆಳೆಗಾರರುಂಟೆ? ಕೋಲಾರ ಚಿನ್ನದ ಗಣಿ, ಬಂಗಾರಪೇಟೆ ಕಡೆಯ ಆಟದ ಬಯಲಿಗೆ ಮಾತ್ರ ಅದೇ ಹುಲ್ಲು ತಕ್ಕದ್ದು. ಅಲ್ಲಿ ವರ್ಷದ ಮಳೆ ಸುಮಾರು 30 ಅಂಗುಲ. ಮಳೆ ಜೋರಾಗಿರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ.

2001ರಲ್ಲಿ ಗಣಿ ಮುಚ್ಚಿತು, ಸಯನೈಡ್ ಗುಡ್ಡಗಳು ಉಳಿದವು. ತಗ್ಗು ತುಂಬಲು ಆ ಪುಡಿಯನ್ನು ತರಲೇಬಾರದು. ಅದರಲ್ಲಿ ಸಾರವಿಲ್ಲ, ಗಾಳಿಗೆ ಏಳುವ ಧೂಳು ಮಕ್ಕಳಿಗೂ ಒಳ್ಳೆಯದಲ್ಲ. ಕೆಮ್ಮಣ್ಣಿಗೆ ಮರಳು, ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ಹರಡಿರಿ. ನೀರು ಅಂಚಿಗೆ ಹರಿಯುವಂತೆ ನಡುವೆ ತುಸು ಉಬ್ಬಿರಲಿ. ಆಗಸ್ಟಿನಲ್ಲಿ ಗರಿಕೆಯ ಬಳ್ಳಿತುಂಡುಗಳನ್ನು ಅರ್ಧ ಅಡಿಗೊಂದರಂತೆ ನೆಡಿರಿ. ಹಬ್ಬುವವರೆಗೆ ಆಟ ಬೇಡ (ಹುಡುಗರನ್ನು ಒಪ್ಪಿಸುವುದೇ ದೊಡ್ಡ ಕೆಲಸ!). ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬೇಡಿ. ಹಸಿ ನೆಲದಲ್ಲಿ ಆಡಿದರೆ ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ ಸಿಗದು. ಮಳೆ ನಿಂತ ಮೇಲೆ ಒಂದು ದಿನ ಬಿಡಿ.